ಭಟ್ಟಿಯ ಮೊದಲ ಚರಿಗೆ

ಮನೆಯವರಿಗೆಲ್ಲ ನಾನು ಬೀದರಿನ ಬೆಲ್ಲದ ಅಡತಿಯೊಂದರಲ್ಲಿ ಕಾರಕೂನ ಎಂದು ಹೇಳಿದ್ದೆ. ಬೆಲ್ಲ ಎಂಬುದಷ್ಟೇ ಅದರಲ್ಲಿ ನಿಜ. ಭಾಲ್ಕಿ ಕಡೆಯ ಗಾಣಗಳಲ್ಲಿ ಅಚ್ಚಿಗೆ ಬಾರದೆ ಉಳಿದ ಕರಿಬೆಲ್ಲ, ಕಾಕಂಬಿ ಬಂಡಿಗಳಲ್ಲಿ ನಮ್ಮಲ್ಲಿಗೆ ಬರುತ್ತಿತ್ತು, ಸರಾಯಿಯಾಗಿ ಹೊರಗೆ ಹೋಗುತ್ತಿತ್ತು. ನಾನು ಆ ಭಟ್ಟಿಯ ಮುನ್ಷಿ. ಬಗದಲ್‌ನ ಲಿಂಗವಂತರ ಮನೆಯ ಮಗ, ಕೊರಳಲ್ಲಿ ಲಿಂಗದ ಕರಡಿಗೆ, ಅಂಗಿಯ ತುಂಬ ಸರಾಯಿಯ ವಾಸನೆ. ಊರಿಗೆ ಹೋಗುವಾಗಲೆಲ್ಲ ಹಳ್ಳದಲ್ಲಿ ಇಳಿದು ಸ್ನಾನ ಮಾಡಿ, ಬೇರೆ ಅಂಗಿ ತೊಟ್ಟು ಮನೆ ಹೊಗುತ್ತಿದ್ದೆ. ಅವ್ವ ಸಾಯುವವರೆಗೂ ಅವಳಿಗೆ ಇದು ಗೊತ್ತಾಗಲಿಲ್ಲ.

ಆದರೆ ನಾನು ಒಪ್ಪಿಕೊಳ್ಳಬೇಕಾದದ್ದು ಆ ಸುಳ್ಳಲ್ಲ. ಓದು ಬಾರದ ಒಬ್ಬ ಹಿರಿಯರಿಗೆ ನಾನು ಒಂದು ಬರೆದು, ಇನ್ನೊಂದು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡೆ. ಅದರಿಂದ ಅವರು ಜೈಲಿಗೆ ಹೋದರು. ಒಂಬತ್ತು ವರ್ಷ ಅದು ನನ್ನ ಎದೆಯ ಮೇಲೆ ಕೂತಿತ್ತು. ಆಮೇಲೆ ಒಂದು ಮಧ್ಯಾಹ್ನ, ಸಾಯಗಾಂವದ ಗಾಣದ ಮುಂದೆ, ಅದು ಇಳಿಯಿತು. ಇಳಿದು ಎಷ್ಟೋ ವರ್ಷವಾಯಿತು, ನಾನೂ ಮುದುಕನಾದೆ. ಆ ಹಗುರ ಇನ್ನೂ ಹೋಗಿಲ್ಲ. ಅದಕ್ಕೇ ಬರೆಯಲು ಕೈ ಬಂತು.

ಆಗ ನಮ್ಮದು ಹೈದರಾಬಾದ ಸಂಸ್ಥಾನ. ಕಚೇರಿಯ ಕಾಗದವೆಲ್ಲ ಉರ್ದು. ನಾನು ಬೀದರಿನಲ್ಲಿ ಉರ್ದುವಿನಲ್ಲೇ ಹೈಸ್ಕೂಲು ಮುಗಿಸಿದ್ದೆ, ಅಕ್ಷರ ಒಳ್ಳೆಯದಿತ್ತು. ಭಟ್ಟಿಯ ಗುತ್ತೇದಾರರು ಹೈದರಾಬಾದಿನಲ್ಲಿ ಇರುತ್ತಿದ್ದರು. ಹಾಗಾಗಿ ಊರ ಹೊರಗಿನ ಆ ಇಳಿಜಾರಿನಲ್ಲಿ, ಝರಿಯ ಪಕ್ಕದ ಆ ಕೆಂಪುಕಲ್ಲಿನ ಕಾಂಪೌಂಡಿನೊಳಗೆ, ಇಪ್ಪತ್ತೆರಡು ವರ್ಷದ ನಾನೇ ಮಾಲಕನ ಬದಲು ಮಾಲಕ.

ಕೆಲಸ ಮಾತ್ರ ನಡೆಯುತ್ತಿದ್ದದ್ದು ಕಾಕಾನ ಕೈಯಲ್ಲಿ. ಸರಾಯಿ ಇಳಿಸುವ ಆ ಮುದುಕರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಕುತ್ತಿಗೆಯವರೆಗೆ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹರವಿಗಳಲ್ಲಿ ಕರಿಬೆಲ್ಲ, ನೀರು, ಜಾಲಿ ತೊಗಟೆ ಹಾಕಿ ಬಾಯಿ ಕಟ್ಟುತ್ತಿದ್ದರು. ಒಳಗೆ ಅದು ಬೆಂಕಿಯಿಲ್ಲದೆ ಕುದಿಯುತ್ತಿತ್ತು. ಐದನೆಯ ದಿನದಿಂದ ಕಾಕಾ ಬೆಳಿಗ್ಗೆ ಸಂಜೆ ಮೊಣಕಾಲೂರಿ ಹರವಿಗೆ ಕಿವಿ ಹಚ್ಚಿ ಕೇಳುವರು. "ಇನ್ನೂ ಮಾತಾಡ್ಲಿಕತ್ಯಾದ" ಎಂದರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅದು ಸುಮ್ಮನಾದ ದಿನ ತಾಮ್ರದ ಹಂಡೆಗೆ ಏರಿಸಿ, ಮೇಲೆ ಗಡಿಗೆ ಬೋರಲು ಹಾಕಿ, ಸಂದಿಗೆ ಮಣ್ಣು ಮೆತ್ತಿ, ಕೆಳಗೆ ಬೆಂಕಿ ಹಚ್ಚುತ್ತಿದ್ದರು. ಉಗಿ ತಾಮ್ರದ ಕೊಳವೆಯಲ್ಲಿ ಹಾದು, ತಣ್ಣೀರಿನ ತೊಟ್ಟಿ ದಾಟಿ, ಆಚೆ ಹನಿಹನಿಯಾಗಿ ಇಳಿಯುವುದು.

ಇಷ್ಟೆಲ್ಲ ಬಲ್ಲ ಆ ಮನುಷ್ಯ ಸರಾಯಿಯ ಒಂದು ಹನಿ ನಾಲಗೆಗೆ ಹಚ್ಚಿದವರಲ್ಲ. ಮೂಸಿ ಹೇಳುತ್ತಿದ್ದರು, ಬಾಟಲಿ ಅಲುಗಿಸಿ ಮೇಲೆ ಕಟ್ಟುವ ಗುಳ್ಳೆ ನೋಡಿ ಹೇಳುತ್ತಿದ್ದರು. ಕಾರಣ ಕೇಳಿದರೆ, "ಎರಡೂ ಕೆಲಸ ಒಬ್ಬನೇ ಮಾಡಬಾರದ್ರಿ" ಎಂದು ನಗುತ್ತಿದ್ದರು.

ಪ್ರತಿಸಲ ಇಳಿದ ಮೊದಲ ಚರಿಗೆ ಸರಾಯಿ ಮಾತ್ರ ಜಾಡಿಗೆ ಹೋಗುತ್ತಿರಲಿಲ್ಲ. ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಲೆಯ ಹಿಂದಿನ ಬೇವಿನ ಬುಡದಲ್ಲಿ ಕುಂಕುಮ ಬಳಿದಿದ್ದ ಕಲ್ಲಿನ ಮುಂದೆ ಸುರಿದುಬಿಡುತ್ತಿದ್ದರು. ಅದರ ಬಣ್ಣ ಕೊಂಚ ಹಸಿರು, ವಾಸನೆ ಮೂಗಿಗೆ ಚುಚ್ಚುವಂಥದ್ದು. ಅಲ್ಲಿಗೆ ನಾಯಿ ಬಂದರೂ ಓಡಿಸುತ್ತಿದ್ದರು.

"ಇದೇನು ಕಾಕಾ, ದಿನಾ ಮಣ್ಣಿಗಿ ಸುರೀತೀರಲ್ಲ?" ಎಂದು ಒಮ್ಮೆ ಕೇಳಿದೆ.

"ತಾಯಿ ಪಾಲ್ರಿ, ಮುನಶಿಯವರ."

"ತಾಯಿ ಕುಡೀತಾಳೇನು?"

"ಆಕಿಗೇ ದಕ್ಕತದರಿ. ನಮಗ ನಿಮಗ ದಕ್ಕಂಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ನಾವು ಕಲ್ಯಾಣದ ಶರಣರ ದಾರಿಯವರು. ಅಂಗೈಯ ಲಿಂಗ ಬಿಟ್ಟು ಮಾರಿಗೆ ಮಸಣಿಗೆ ಕೈ ಮುಗಿಯುವುದಿಲ್ಲ ಎಂಬುದು ನಮ್ಮ ಮನೆಯ ಹೆಮ್ಮೆ. ಸರಾಯಿ ಮಾರಿ ಹೊಟ್ಟೆ ಹೊರೆಯುತ್ತಿದ್ದ ನನಗೆ ಆ ಹೆಮ್ಮೆ ಹೆಚ್ಚೇ ಬೇಕಾಗಿತ್ತು ಎಂದು ಈಗ ತಿಳಿಯುತ್ತದೆ. ಮಾಡುವ ಕೆಲಸದಲ್ಲಿ ಧರ್ಮ ಉಳಿಯದಿದ್ದರೆ ಬೇವಿನ ಬುಡದಲ್ಲಾದರೂ ಉಳಿಯಲಿ ಎಂದು ಹೊರಟಿದ್ದೆ.

ಜೊತೆಗೆ ಓದಿನ ಸೊಕ್ಕು. ಹೈಸ್ಕೂಲಿನ ಇಂಗ್ಲಿಷ್ ಪುಸ್ತಕದಲ್ಲಿ ಕಡಲುಗಳ್ಳರ ಒಂದು ಪಾಠವಿತ್ತು. ಬಿಸಿಲು ಸುರಿಯುವ ದ್ವೀಪ, ಕಬ್ಬಿನ ಹೊಲ, ರಮ್ ಇಳಿಸುವ ಭಟ್ಟಿ, ಆ ಪೀಪಾಯಿಗಳನ್ನು ಹಡಗಿಗೆ ಹೇರಿಕೊಂಡು ಹೋಗುವ ಒಕ್ಕಣ್ಣಿನ ಕಳ್ಳರು. ಸಮುದ್ರವನ್ನು ಇವತ್ತಿಗೂ ನಾನು ಕಂಡಿಲ್ಲ. ಆದರೆ ಭಟ್ಟಿಗೆ ಬಂದ ಮೇಲೆ, ಅವರ ರಮ್ಮೂ ನಮ್ಮ ಬೆಲ್ಲದ ಸರಾಯಿಯೂ ಒಂದೇ ಹೊಟ್ಟೆಯವು ಎಂದು ಹೊಳೆದು ಕಾಕಾಗೆ ಬಹಳ ಉಮೇದಿನಿಂದ ಹೇಳಿದ್ದೆ.

"ಸಮುದ್ರದಾಗ ಕಳ್ಳರಾ?" ಎಂದು ಕಾಕಾ ಬೆಂಕಿಗೆ ಕಟ್ಟಿಗೆ ನೂಕುತ್ತಾ ಕೇಳಿದರು. "ನೀರಾಗ ಏನ್ ಕದೀತಾರ್ರಿ?"

"ಹಡಗು ಕದೀತಾರ."

"ಹಡಗ ಕದ್ದು ಎಲ್ಲಿ ಮುಚ್ಚಿಡ್ತಾರ್ರಿ? ಬಣವಿಯಾಗ?" ಎಂದು ನಕ್ಕು, ಆಮೇಲೆ ತಿರುಗಿ ನೋಡಿದರು. "ಅವರ ಭಟ್ಟಿಯಾಗೂ ತಾಯಿ ಪಾಲು ಸುರೀತಿದ್ರೇನ್ರಿ?"

ಪಾಠದಲ್ಲಿ ಅಂಥದ್ದೇನೂ ಬರೆದಿರಲಿಲ್ಲ. ನಾನು ಪುಸ್ತಕವನ್ನೇ ಬರೆದವನ ಹಾಗೆ ಹೇಳಿದೆ, "ಇಲ್ಲ. ಒಂದು ಹನಿ ಚೆಲ್ಲತಿದ್ದಿಲ್ಲ. ನಾಳಿಂದ ನಾವೂ ಚೆಲ್ಲೂದಿಲ್ಲ. ಮೊದಲ ಚರಗಿ ಜಾಡಿಗೇ ಹೋಗಬೇಕು, ಕಾಕಾ."

ಕಾಕಾ ಇನ್ನೊಂದು ಕಟ್ಟಿಗೆ ಒಲೆಗೆ ನೂಕಿದರು. "ಆಯ್ತರಿ, ಮುನಶಿಯವರ" ಎಂದರು.

ಮರುದಿನದಿಂದ ಬೇವಿನ ಬುಡ ಒಣಗಿತ್ತು. ಒಂದು ತಪ್ಪು ನಂಬಿಕೆಯನ್ನು ಬೇರುಸಹಿತ ಕಿತ್ತೆ ಎಂದು ನಾನು ಬೀಗಿದೆ.

ಒಂದು ತಿಂಗಳಾಗಿರಬೇಕು. ಔರಾದ ತಾಲೂಕಿನ ಸಂತಪುರದ ನಮ್ಮ ಅಂಗಡಿಯವನು ಕುದುರೆ ಓಡಿಸಿಕೊಂಡು ಬಂದ. ಅಲ್ಲಿನ ಒಂದು ಮದುವೆ ಮನೆಗೆ ನಮ್ಮ ಜಾಡಿಗಳು ಹೋಗಿದ್ದವು. ಕುಡಿದವರೆಲ್ಲ ಚಪ್ಪರದಲ್ಲೇ ವಾಂತಿ ಮಾಡಿಕೊಂಡು ಬಿದ್ದಿದ್ದಾರೆ, ಮದುಮಗನ ಸೋದರಮಾವನಿಗೆ ಈಗಲೋ ಆಗಲೋ ಎಂಬಂತಾಗಿದೆ. ಕುಡಿದ ಬಟ್ಟಲುಗಳ ತಳದಲ್ಲಿ ಹಸಿರು ನಿಂತಿತ್ತು ಎಂದ.

ಹಸಿರು ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ತಿಳಿಯಿತು. ಅದು ನಾನು ಜಾಡಿಗೆ ಹಾಕಿಸಿದ ಮೊದಲ ಚರಿಗೆ. ತಾಯಿಯ ಪಾಲನ್ನು ನಾನು ಮದುವೆ ಮನೆಗೆ ಕುಡಿಸಿದ್ದೆ.

ಎರಡನೆಯ ದಿನ ಆಬಕಾರಿ ದಾರೋಗಾ ಇಬ್ಬರು ಜವಾನರೊಂದಿಗೆ ಬಂದರು. ಹೈದರಾಬಾದಿನ ಕಡೆಯವರು, ಕನ್ನಡ ಬಾರದು. ಬೇವಿನ ನೆರಳಲ್ಲಿ ಹೊರಸು ಹಾಕಿಸಿ ಕುಳಿತು, ಭಟ್ಟಿಯವನ ಹೇಳಿಕೆ ಬರೆದುಕೊಡು ಎಂದು ನನಗೇ ಕಾಗದ ಕೊಟ್ಟರು. ನನ್ನ ಅಕ್ಷರ ಚೆಂದ ಎಂದು ಹೊಗಳಿದರು ಕೂಡ. ನಾನು ಬರೆದೆ. ಕಾಕಾ ಹೇಳದ್ದನ್ನು ಅವರೇ ಹೇಳಿದರೆಂಬಂತೆ ಬರೆದೆ: 'ಕೆಲಸದ ಹೊತ್ತಿನಲ್ಲಿ ನಾನು ಕುಡಿದಿದ್ದೆ. ಮೊದಲ ನೀರನ್ನು ಚೆಲ್ಲಲು ಮರೆತೆ. ಮುನ್ಷಿ ಸಾಹೇಬರು ಅನೇಕ ಸಲ ಎಚ್ಚರಿಸಿದ್ದರು.' ಒಂದಕ್ಷರವನ್ನೂ ಹೊಡೆದು ಹಾಕಲಿಲ್ಲ.

"ಏನಂತ ಬರದ್ರಿ?" ಎಂದು ಕಾಕಾ ಕೇಳಿದರು. ಬಜಾರಿನ ದಖ್ಖನಿ ಅವರಿಗೆ ಬರುತ್ತಿತ್ತು, ಕಾಗದದ ಉರ್ದು ಬರುತ್ತಿರಲಿಲ್ಲ.

"ಜಾಡಿ ಎಲ್ಲೋ ಕೆಟ್ಟಿರಬೇಕು, ಭಟ್ಟಿಯಾಗ ಯಾರದೂ ತಪ್ಪಿಲ್ಲ ಅಂತ ಬರದೀನಿ, ಕಾಕಾ."

"ಹಂಗಾದ್ರ ಹೇಳೂದೇನ್ ಉಳೀತ್ರಿ" ಎಂದು ಹೆಬ್ಬೆಟ್ಟು ಚಾಚಿದರು. ಮಸಿಯನ್ನು ನಾನೇ ಹಚ್ಚಿದೆ.

ಕಚೇರಿಯಲ್ಲಿ ತೀರ್ಪು ಕೊಡುವ ಹಾಕಿಮರ ಎದುರು ಆ ಕಾಗದ ಓದಿದರು, ಹೆಬ್ಬೆಟ್ಟು ತೋರಿಸಿದರು, ಅಲ್ಲಿಗೆ ಮುಗಿಯಿತು. ಕಾಕಾಗೆ ಮೂರು ತಿಂಗಳ ಸಜೆ. ಇನ್ನು ಮುಂದೆ ಯಾವ ಭಟ್ಟಿಯನ್ನೂ ಮುಟ್ಟಬಾರದು ಎಂದು ಹುಕುಂ. ಜೈಲಿಗೆ ಕರೆದೊಯ್ಯುವಾಗ ಅವರು ನನ್ನ ಕಡೆ ನೋಡಿದರೋ ಇಲ್ಲವೋ ಗೊತ್ತಿಲ್ಲ. ನಾನು ಕಚೇರಿಯ ಕಂಬದ ಹಿಂದೆ ನಿಂತಿದ್ದೆ.

ಹದಿನೈದು ದಿನದಲ್ಲಿ ಕೆಲಸ ಬಿಟ್ಟು ಭಾಲ್ಕಿಯ ಹತ್ತಿ ಗಿರಣಿ ಸೇರಿದೆ. ಮದುವೆಯಾಯಿತು. ಹೆಂಡತಿಯ ಬಳಗ ಸಂತಪುರದಲ್ಲೂ ಇತ್ತು. ಅಲ್ಲಿಗೆ ಹೋಗಬೇಕಾದಾಗಲೆಲ್ಲ ನನಗೆ ಜ್ವರ, ಇಲ್ಲವೇ ಗಿರಣಿಯಲ್ಲಿ ಕೆಲಸ. ಆ ಸೋದರಮಾವ ಸತ್ತನೋ ಬದುಕಿದನೋ ಎಂದು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ. ಸತ್ತ ಎಂದೇ ಇಟ್ಟುಕೊಂಡೆ. ಪೂಜೆಗೆ ಕುಳಿತರೆ ಅಂಗೈಯ ಲಿಂಗದ ಮೇಲೆ ಹಸಿರು ಕಾಣುತ್ತಿತ್ತು. ಒಬ್ಬನನ್ನು ಕೊಂದೆ, ಇನ್ನೊಬ್ಬನನ್ನು ಜೈಲಿಗೆ ಹಾಕಿಸಿದೆ ಎಂಬ ಲೆಕ್ಕದಲ್ಲೇ ಒಂಬತ್ತು ವರ್ಷ ಉಂಡೆ, ಮಲಗಿದೆ.

ಆಮೇಲೆ ಒಂದು ಚಳಿಗಾಲ, ಭಾಲ್ಕಿಯ ಸಂತೆಯಲ್ಲಿ ಬೆಲ್ಲ ಕೊಳ್ಳುತ್ತಿದ್ದೆ. ಹೊಂಬಣ್ಣದ ಒಳ್ಳೆಯ ಬೆಲ್ಲ. ಎಲ್ಲಿಯದು ಎಂದು ಬಂಡಿಯವನನ್ನು ಕೇಳಿದೆ.

"ಸಾಯಗಾಂವದ್ದರಿ. ನಮ್ಮ ಗಾಣಕ್ಕ ಒಬ್ಬ ಮುದುಕ ಅದಾನ್ರಿ. ಎಲ್ಲಾರೂ ಪಾಕ ಕಣ್ಣಿಲೆ ನೋಡಿದ್ರ ಈ ಮನುಷ್ಯಾ ಕಿವಿಲೆ ಕೇಳ್ತಾನ. ಕೊಪ್ಪರಗಿ ಕಡಿ ಬಗ್ಗಿ, 'ಇನ್ನೂ ಮಾತಾಡ್ಲಿಕತ್ಯಾದ, ಇಳಸಬ್ಯಾಡ್ರಿ' ಅಂತಾನ. ಹುಚ್ಚ ಅನ್ಕೊಂಡಿದ್ವಿ. ಬೆಲ್ಲ ನೋಡ್ರಿ ಹ್ಯಾಂಗ ಬರ್ತದ!"

ಬೆಲ್ಲದ ಉಂಡೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಮರುದಿನ ರಜೆ ಹಾಕಿ ಸಾಯಗಾಂವಕ್ಕೆ ನಡೆದುಕೊಂಡು ಹೋದೆ. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದೆ, ಅದನ್ನೂ ಹೇಳಿಬಿಡುತ್ತೇನೆ.

ಊರಾಚೆ ಕಬ್ಬಿನ ಗಾಣ ತಿರುಗುತ್ತಿತ್ತು. ಕಾಕಾ ಕೊಪ್ಪರಿಗೆಯ ಪಕ್ಕದಲ್ಲಿ ಕುಳಿತಿದ್ದರು, ಹುಬ್ಬೆಲ್ಲ ಬೆಳ್ಳಗೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ನೂಕುತ್ತಿದ್ದ ಹೆಂಗಸು ಮೊದಲು ನನ್ನ ಗುರುತು ಹಿಡಿದಳು. ಅವರ ಮಗಳು. ಭಟ್ಟಿಗೆ ಅಪ್ಪನ ಬುತ್ತಿ ತರುತ್ತಿದ್ದವಳು.

"ಯಾರಿದು, ಭಟ್ಟಿ ಮುನಶಿಯವರಾ?" ಎಂದು ಸೊಂಟಕ್ಕೆ ಕೈ ಇಟ್ಟಳು. "ಬೀದರದಿಂದ ಸಾಯಗಾಂವಕ್ಕ ಒಂಬತ್ತು ವರಸದ ಹಾದಿ ಏನ್ರಿ? ದಾರಿ ತಪ್ಪಿತ್ತೇನು?"

"ತಪ್ಪಿತ್ತು ತಂಗಿ" ಎಂದೆ.

"ಸುಮ್ನಿರ ಬೇ" ಎಂದರು ಕಾಕಾ. "ಕೂಡ್ರಿ, ಮುನಶಿಯವರ. ಹಾಲು ಕುಡೀತೀರೇನು?" ಗಾಣದಲ್ಲಿ ಹಾಲು ಎಂದರೆ ಕಬ್ಬಿನ ಹಾಲು.

ನಾನು ಕೂಡಲಿಲ್ಲ. ಕೂತರೆ ಹೇಳಲಾರೆ ಎನ್ನಿಸಿತು. ನಿಂತೇ ಎಲ್ಲ ಹೇಳಿದೆ. ಕಾಗದದಲ್ಲಿ ಬರೆದದ್ದು, ಓದಿ ಹೇಳಿದ್ದು, ಮೊದಲ ಚರಿಗೆ ನನ್ನ ಮಾತಿನಿಂದ ಜಾಡಿಗೆ ಬಿದ್ದದ್ದು, ಅದರಿಂದ ಒಬ್ಬ ಸತ್ತದ್ದು. ಗಾಣದವರು ಎತ್ತುಗಳನ್ನು ನಿಲ್ಲಿಸಿ ಕೇಳುತ್ತಿದ್ದರು. ಕಾಕಾ ಮಾತ್ರ ನಡುನಡುವೆ ಬಗ್ಗಿ ಕೊಪ್ಪರಿಗೆಯನ್ನು ಕೇಳುತ್ತಿದ್ದರು.

"ಯಾರ್ ಸತ್ರು?" ಎಂದರು ಕೊನೆಗೆ.

"ಮದುಮಗನ ಸೋದರಮಾವ."

"ಅಂವಾ ಹೋದ ಸೋಮಾರ ಇಲ್ಲೇ ಬಂದು ನಾಕ ಉಂಡಿ ಬೆಲ್ಲ ಒಯ್ದಾನಲ್ರಿ! ಕೊಸರಿ ಕೊಸರಿ ಇಸಗೊಂಡು ಹೋದ. ಅಂಥಾಂವ ಅಷ್ಟ ಲಗೂ ಸಾಯ್ತಾನೇನ್ರಿ?"

ಎಲ್ಲರೂ ನಕ್ಕರು. ನಾನು ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತೆ.

"ಮತ್ತ ಇನ್ನೊಂದ್ ಕೇಳ್ರಿ" ಎಂದು ಕಾಕಾ ದನಿ ಇಳಿಸಿದರು. "ತಾಯಿ ಪಾಲು ಒಂದ್ ದಿನಾನೂ ಜಾಡಿಗಿ ಬಿದ್ದಿಲ್ರಿ. ನೀವು ಬ್ಯಾಡಂದ್ರಿ, ನಾ ಆಯ್ತಂದೆ. ಖರೆ, ನಿಮಗ ಸುಳ್ಳ ಹೇಳ್ದೆ. ಬೇವಿನ ಬುಡ ಬಿಟ್ಟು ಝರಿ ಆಚಿ ಇನ್ನೊಂದ್ ಕಲ್ಲಿಟ್ಟಿದ್ದೆ. ದಿನಾ ನೀವು ಕಾಗದ ಬರಿಯಾಕ ಕುಂತಾಗ ಹೋಗಿ ಸುರದು ಬರ್ತಿದ್ದೆ. ಆ ನೀರು ಹೊಟ್ಟಿ ಕೆಡಸ್ತದಂತ ನಮ್ಮಪ್ಪಗೂ ಗೊತ್ತಿತ್ತು. ತಾಯಿ ಪಾಲಂದ್ರ ಯಾರೂ ಮುಟ್ಟಂಗಿಲ್ಲಂತ ಹಂಗ ಅಂತಿದ್ವಿ."

ಜೈಲಿನಿಂದ ಹೊರಗೆ ಬಂದವರೇ ಅವರು ನೆಟ್ಟಗೆ ಸಂತಪುರಕ್ಕೆ ನಡೆದಿದ್ದರು. ತಾವು ಇಳಿಸಿದ್ದು ಕೆಟ್ಟಿಲ್ಲ ಎಂದು ಅವರಿಗೆ ಗೊತ್ತಿತ್ತು, ಹಾಗಾದರೆ ಕೆಟ್ಟದ್ದೆಲ್ಲಿ? ಆ ಮದುವೆ ಮನೆಯ ಯಜಮಾನಿ ತಾನಾಗಿಯೇ ಹಂಡೆ ತೋರಿಸಿದಳಂತೆ. ಮದುವೆಯ ಹಿಂದಿನ ದಿನ ಜಾಡಿಗಳನ್ನೆಲ್ಲ ಒಂದು ದೊಡ್ಡ ತಾಮ್ರದ ಹಂಡೆಗೆ ಸುರಿದು ಮುಚ್ಚಿಟ್ಟಿದ್ದರು. ಹಂಡೆಯ ಕಲಾಯಿ ಹೋಗಿ ಎಷ್ಟೋ ವರ್ಷವಾಗಿತ್ತು. ಹುಳಿ ಇದ್ದ ಸರಾಯಿ ಅದರಲ್ಲಿ ನಿಂತು ಕಿಲುಬು ಬಿಟ್ಟಿತ್ತು. ಆಮೇಲೆ ಒಂದು ದಿನ ಅದೇ ಹಂಡೆಯ ಮಜ್ಜಿಗೆ ಕುಡಿದು ಮನೆಯ ಹೆಂಗಸರೂ ವಾಂತಿ ಮಾಡಿಕೊಂಡಾಗ ಅವರಿಗೆ ತಿಳಿದಿತ್ತು. ಹೊರಗೆ ಹೇಳಿದರೆ ಮದುವೆ ಮನೆಯ ಮರ್ಯಾದೆ ಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದರು.

"ಆವತ್ತ ದಾರೋಗಾ ಮುಂದ ಯಾಕ ಹೇಳ್ಲಿಲ್ಲ ಕಾಕಾ, ನಾ ಸುರೀತಿದ್ದೆ ಅಂತ?"

"ಯಾರದೂ ತಪ್ಪಿಲ್ಲಂತ ಬರದೀನಿ ಅಂದ್ರಿ ನೀವು. ತಪ್ಪ ಇಲ್ಲದ ಮ್ಯಾಲ ನಿಮ್ಮ ಮಾತು ಮುರದದ್ದು ಯಾಕ ಹೇಳ್ಕೊಳ್ಳಿ?" ಎಂದು ಕೊಪ್ಪರಿಗೆಯ ಮೇಲಿನ ನೊರೆ ತೆಗೆದರು. "ಜೇಲಿನ ಬಾಗಲದಾಗ ಜವಾನ ಹೇಳ್ದ, ಏನ್ ಬರದದ ಅಂತ."

ಇಷ್ಟು ಹೇಳಿ ಮತ್ತೆ ಅವರೇ ನಕ್ಕರು. "ನಿಮ್ಮ ಸಮುದ್ರದ ಕಳ್ಳರ ಭಟ್ಟಿಯಾಗೂ ನನ್ನಂಥಾಂವ ಒಬ್ಬ ಇದ್ದಿರಬೇಕ್ರಿ. ಅವರಿಗಿ ಕಾಣದ್ಹಂಗ ಸುರಿಯಾಂವ. ಇಲ್ಲಂದ್ರ ದಂಡಿಯಾಗೇ ಕಾರ್ಕೋತ ಬೀಳ್ತಿದ್ರು. ಹಡಗ ಯಾರ್ ಕದೀತಿದ್ರು?"

ಈ ಸಲ ನಾನೂ ನಕ್ಕೆ. ಒಂಬತ್ತು ವರ್ಷದ ಮೇಲೆ ಹೊಟ್ಟೆಯಿಂದ ಬಂದ ನಗು. ಯಾರೂ ಸತ್ತಿಲ್ಲ. ನನ್ನ ಕೈಯಿಂದ ಯಾರಿಗೂ ವಿಷ ಹೋಗಿಲ್ಲ. ನನ್ನ ಮಾತನ್ನು ಕೇಳದ ಒಬ್ಬ ಮುದುಕ ನನ್ನನ್ನು ಉಳಿಸಿದ್ದರು. ಕಣ್ಣೀರು ಬಂತು, ಒಲೆಯ ಹೊಗೆ ಎಂದು ಒರೆಸಿಕೊಂಡೆ.

ಮಗಳು ಮಾತ್ರ ನಗಲಿಲ್ಲ. "ಎಲ್ಲಾ ಆತು" ಎಂದಳು. "ಅಪ್ಪ ಕುಡಿದಿದ್ದ ಅಂತ ಬರದ್ರಲ್ಲ, ಅದು? ಮೂರ್ ತಿಂಗಳ ಜೇಲು ಮುಗೀತ್ರಿ. ಆ ಮಾತು ಎಂದ ಮುಗೀಬೇಕು? ಕುಡುಕನ ಮಗಳಂತ ಒಂದ್ ಸಂಬಂಧ ಮುರೀತು ನಂದು."

ಕಾಕಾ ಈ ಸಲ ಅವಳನ್ನು ಸುಮ್ಮನಿರಿಸಲಿಲ್ಲ. ಕೊಪ್ಪರಿಗೆಯ ಕಡೆ ಮುಖ ಮಾಡಿ, "ಅದ ಒಂದು ನನಗೂ ಚುಚ್ಚತದರಿ" ಎಂದರು. "ಹನಿ ಮುಟ್ಟಿಲ್ಲ ನಾ. ನಿಮಗ ಗೊತ್ತಿತ್ತು."

ಗೊತ್ತಿತ್ತು. ಆ ಸುಳ್ಳಿಗೆ ಹಂಡೆಯ ಕಿಲುಬು ಕಾರಣವಲ್ಲ, ಮೊದಲ ಚರಿಗೆಯೂ ಅಲ್ಲ. ಅದು ಪೂರಾ ನನ್ನದೇ.

"ಬರಕೊಡ್ತೀನಿ, ಕಾಕಾ" ಎಂದೆ.

"ಬರೀರಿ. ಕನ್ನಡದಾಗ ಬರೀರಿ. ಬರದದ್ದೇ ಓದ್ರಿ."

ಕಿಸೆಯಲ್ಲಿ ಗಿರಣಿಯ ಕಾಗದವಿತ್ತು, ಸೀಸದ ಕಡ್ಡಿ ಇತ್ತು. ಸಿಪ್ಪೆಯ ರಾಶಿಯ ಮೇಲೆ ಕುಳಿತೇ ಬರೆದೆ. ಶಾಲೆಯಲ್ಲಿ ಕನ್ನಡ ಬರೆದು ರೂಢಿಯಿರಲಿಲ್ಲ, ಅಕ್ಷರ ಸೊಟ್ಟ ಬಂದವು. ಬರೆದದ್ದನ್ನು ನಿಂತು ದೊಡ್ಡ ದನಿಯಲ್ಲಿ ಓದಿದೆ: ಈ ಮನುಷ್ಯ ತಮ್ಮ ಜನ್ಮದಲ್ಲಿ ಕುಡಿದವರಲ್ಲ, ಕುಡಿದಿದ್ದರು ಎಂದು ಸುಳ್ಳು ಬರೆದವನು ನಾನು, ಅವರಿಗೆ ಬೇರೆ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನು. ಗಾಣದವರಲ್ಲಿ ನಾಲ್ಕು ಅಕ್ಷರ ಬಲ್ಲ ಒಬ್ಬನನ್ನು ಕರೆದು ಮಗಳು ಮತ್ತೊಮ್ಮೆ ಓದಿಸಿದಳು. ಅವನು ತಡವರಿಸುತ್ತಾ ಓದಿದ. ಎರಡೂ ಒಂದೇ ಇತ್ತು.

ಸಹಿ ಹಾಕಲು ಹೋದೆ. "ಸಹಿ ಬ್ಯಾಡ" ಎಂದಳು ಅವಳು. ಒಲೆಯ ಬಾಯಿಯ ಮಸಿ ಕೆರೆದು ತಂದು, ನನ್ನ ಹೆಬ್ಬೆರಳಿಗೆ ತಾನೇ ಹಚ್ಚಿದಳು. ಒತ್ತಿದೆ. ಕಾಗದವನ್ನು ಮಡಿಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಇಳಸ್ರೋ!" ಎಂದು ಅಷ್ಟರಲ್ಲಿ ಕಾಕಾ ಕೂಗಿದರು. "ಸುಮ್ನಾತು!" ನಾಲ್ಕು ಜನ ಕೊಪ್ಪರಿಗೆಗೆ ಹಾರೆ ಕೊಟ್ಟು ಎತ್ತಿದರು.

ಅದೇ ಮಾತನ್ನು ಉರ್ದುವಿನಲ್ಲೂ ಬರೆದು ಬೀದರಿನ ಕಚೇರಿಗೆ ಕಳಿಸಿದೆ. ಯಾವ ಉತ್ತರವೂ ಬರಲಿಲ್ಲ, ನನ್ನನ್ನು ಹಿಡಿಯಲು ಯಾರೂ ಬರಲಿಲ್ಲ. ಕಾಕಾ ಮತ್ತೆ ಭಟ್ಟಿಗೆ ಹೋಗಲಿಲ್ಲ. ಹೋಗು ಎಂದರೂ ಹೋಗುತ್ತಿರಲಿಲ್ಲವಂತೆ, ಬೆಲ್ಲವಾದರೆ ತಾವೂ ತಿಂದು ನೋಡಬಹುದು ಎನ್ನುತ್ತಿದ್ದರು. ಅವರು ಇರುವವರೆಗೂ ಪ್ರತಿ ಚಳಿಗಾಲ ಅಲ್ಲಿಗೆ ಹೋಗಿ ಬಂದೆ. ಮಗಳು ಕೊನೆಯವರೆಗೂ ನನ್ನನ್ನು ಚುಚ್ಚುವುದು ಬಿಡಲಿಲ್ಲ, ಹಾಲು ಕೊಡುವುದೂ ಬಿಡಲಿಲ್ಲ.

ಆವತ್ತು ಮುತ್ತುಗದ ಎಲೆಯಲ್ಲಿ ಬಿಸಿ ಬೆಲ್ಲ ಕಟ್ಟಿಸಿಕೊಂಡು ಮನೆಗೆ ಬಂದಾಗ ಹೆಂಡತಿ ಮೊದಲು ನೋಡಿದ್ದು ನನ್ನ ಕೈಯನ್ನು.

"ಹೈಸ್ಕೂಲು ಓದಿದ ಮನುಷ್ಯಾ, ಎಲ್ಲಿ ಹೆಬ್ಬೆಟ್ಟು ಒತ್ತಿ ಬಂದ್ರಿ?"

ಹೊಸ್ತಿಲ ಹೊರಗೆ ಕುಳಿತು ಎಲ್ಲ ಹೇಳಿದೆ, ಬೆಲ್ಲದ ಅಡತಿಯ ಸುಳ್ಳಿನಿಂದ ಹಿಡಿದು. ಅವಳು ಒಳಗೆ ಹೋಗಿ ಚರಿಗೆಯಲ್ಲಿ ನೀರು ತಂದು ಮುಂದಿಟ್ಟಳು.

"ಕೈ ತೊಳಕೊಂಡು ಉಣ್ಣಾಕ ಬರ್ರಿ" ಎಂದಳು. "ಬರೂ ಸೋಮಾರ ಸಂತಪುರಕ್ಕ ನಮ್ಮ ಚಿಗವ್ವನ ಮನಿಗಿ ಹೋಗೂದದ. ಜ್ವರಾ ಬರಂಗಿಲ್ಲಲ್ಲ?"